ಎರಡು ಡ್ಯೂಟೀರಿಯಂ (ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಇರುವ ಭಾರ ಹೈಡ್ರೋಜನ್) ಪರಮಾಣು ಬೀಜಗಳು ಬೆಸೆದಾಗ ನೇರವಾಗಿ ಹೀಲಿಯಂ-4 ಏಕೆ ಸಿಗುವುದಿಲ್ಲ?
ಸಿಗುವುದೇ ಇಲ್ಲವೆಂದಲ್ಲ, ಕಡಿಮೆ ಶಕ್ತಿಯ ಡಿಕ್ಕಿಗಳಲ್ಲಿ ಸುಮಾರು ಒಂದು ಕೋಟಿ ಬೆಸುಗೆಗಳಿಗೆ ಒಮ್ಮೆ ಸಿಗುತ್ತದೆ. ಎರಡು ಡ್ಯೂಟೀರಿಯಂ ಬೀಜಗಳು ಕೂಡಿದ ಕ್ಷಣದಲ್ಲಿ ಉಂಟಾಗುವ ಹೀಲಿಯಂ-4ರಲ್ಲಿ ಸುಮಾರು 23.8 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್, ಬೈಜಿಕ ಶಕ್ತಿಯ ಅಳತೆ) ಹೆಚ್ಚುವರಿ ಶಕ್ತಿಯಿರುತ್ತದೆ. ಒಂದು ಪ್ರೋಟಾನನ್ನು ಹೊರದೂಡಲು 19.8, ನ್ಯೂಟ್ರಾನನ್ನು ಹೊರದೂಡಲು 20.6 ಎಂಇವಿ ಸಾಕಾಗುವುದರಿಂದ, ಅದು ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿ ಟ್ರಿಟಿಯಂ (ಎರಡು ನ್ಯೂಟ್ರಾನ್‌ಗಳಿರುವ ಹೈಡ್ರೋಜನ್) ಮತ್ತು ಪ್ರೋಟಾನ್ ಆಗಿಯೋ, ಹೀಲಿಯಂ-3 ಮತ್ತು ನ್ಯೂಟ್ರಾನ್ ಆಗಿಯೋ ಒಡೆಯುತ್ತದೆ. ಈ ಒಡೆಯುವಿಕೆ ಪ್ರಬಲ ಬೈಜಿಕ ಬಲದ ಕೆಲಸ. ಗಾಮಾ ಕಿರಣ ಸೂಸಿ ಸ್ಥಿರಗೊಳ್ಳುವ ಕ್ರಿಯೆಯಾದರೋ ವಿದ್ಯುತ್ಕಾಂತೀಯವಾದ್ದರಿಂದ ಬಹಳ ನಿಧಾನ. ಸಾಲದ್ದಕ್ಕೆ, ಡಿಕ್ಕಿಯಾಗುವ ಎರಡೂ ಬೀಜಗಳು ಒಂದೇ ಬಗೆಯವಾದ್ದರಿಂದ, ವಿದ್ಯುತ್ ದ್ವಿಧ್ರುವ ವಿಕಿರಣವೆಂಬ, ಗಾಮಾ ಸೂಸುವ ಸುಲಭದ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ.

ಪ್ರೋಟಾನ್ ಮತ್ತು ಡ್ಯೂಟೀರಿಯಂ ಸೇರಿದಾಗ ಪರಿಸ್ಥಿತಿ ಬೇರೆ. ಅಲ್ಲಿ ಬಿಡುಗಡೆಯಾಗುವುದು 5.49 ಎಂಇವಿ ಮಾತ್ರ. ಬಂದ ದಾರಿಯಲ್ಲೇ ಮರಳಿ ಒಡೆಯುವುದನ್ನು ಬಿಟ್ಟರೆ ಹೀಲಿಯಂ-3ಕ್ಕೆ ಉಳಿಯುವ ದಾರಿ ಗಾಮಾ ಕಿರಣವೊಂದೇ. ಸೂರ್ಯನಲ್ಲಿ ಹೈಡ್ರೋಜನ್ ಹಂತಹಂತವಾಗಿ ಹೀಲಿಯಂ ಆಗುವ ಪ್ರೋಟಾನ್ ಸರಪಳಿಯ ಎರಡನೆಯ ಹೆಜ್ಜೆ ಇದೇ. ಇಂಥ ಮಂದ ಕ್ರಿಯೆಯನ್ನು ಅಳೆಯಲು ಬಾಹ್ಯಾಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲ ತಪ್ಪಿಸಬೇಕಾಗುತ್ತದೆ. ಹಾಗಾಗಿಯೇ ಇಟಲಿಯ ಗ್ರಾನ್ ಸಾಸೊ ಪರ್ವತದಲ್ಲಿ, ಸುಮಾರು 1400 ಮೀಟರ್ ಬಂಡೆಯ ಕೆಳಗಿರುವ ಲೂನಾ ಪ್ರಯೋಗ ಇದನ್ನು ಅಳೆದು, 2020ರಲ್ಲಿ ಫಲಿತಾಂಶ ಪ್ರಕಟಿಸಿತು.