ಕ್ರೈಸ್ತರು ಯೆಹೂದ್ಯರ ಪಸ್ಕ ಹಬ್ಬದ ಸೇದರ್ ಊಟ (ಹಬ್ಬದ ರಾತ್ರಿ ಒಂದು ಕ್ರಮದಲ್ಲಿ ಮಾಡೋ ವಿಧಿಯ ಊಟ) ಮಾಡಬಹುದಾ? ಯೇಸುವಿನ ಕೊನೇ ಊಟ ಅದೇನಾ?

ಮಾಡಬಾರದು ಅಂತ ಹೊಸ ಒಡಂಬಡಿಕೆಲಿ ಎಲ್ಲೂ ಇಲ್ಲ, ಮಾಡ್ಲೇಬೇಕು ಅಂತಾನೂ ಇಲ್ಲ. ಕೊಲೊಸ್ಸೆ 2:16-17 ನೋಡಿ, ಹಬ್ಬ, ಅಮಾವಾಸ್ಯೆ, ಸಬ್ಬತ್ (ವಾರದ ವಿಶ್ರಾಂತಿ ದಿನ) ಎಲ್ಲ ನೆರಳು, ನಿಜರೂಪ ಕ್ರಿಸ್ತನದು ಅಂತ ಇದೆ, ಹಾಗಾಗಿ ಈ ವಿಷಯಕ್ಕೆ ಯಾರೂ ಯಾರನ್ನೂ ಜಡ್ಜ್ ಮಾಡೋ ಹಾಗಿಲ್ಲ.

ಆದ್ರೆ ಯೇಸು ಮಾಡಿದ್ದು ಈಗಿನ ಸೇದರೇ ಅಂತ ಕೆಲವರು ಹೇಳ್ತಾರಲ್ಲ, ಅದನ್ನ ಹಾಗೇ ಒಪ್ಕೋಬೇಡಿ. ಆಗ ಜೆರುಸಲೇಮಲ್ಲಿ ದೇವಾಲಯ ಇತ್ತು, ಕುರಿಮರೀನ ಅಲ್ಲೇ ಕೊಯ್ಸಿ, ಸುಟ್ಟು, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪಿನ ಜೊತೆ ತಿಂತಿದ್ರು, ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಕೆಡವಿದ ಮೇಲೆ ಬಲಿ ನಿಂತೋಯ್ತು, ಈಗಿನ ಕ್ರಮ ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಆಮೇಲೆ ನಿಧಾನಕ್ಕೆ ರೂಪಿಸಿದ್ದು. ಇವತ್ತು ಮೂರು ಮತ್ಸಾ (ಹುಳಿಯಿಲ್ಲದ ರೊಟ್ಟಿ) ಇಟ್ಟು, ನಡುವಿಂದನ್ನ ಮುರಿದು, ಒಂದು ತುಂಡು ಬಚ್ಚಿಡ್ತಾರೆ, ಮಕ್ಕಳು ಹುಡುಕಿ ತಂದ್ರೆ ಗಿಫ್ಟು. ಕೆಲವು ಕ್ರೈಸ್ತರು ಇದ್ರಲ್ಲಿ ತ್ರಿಯೇಕತ್ವ (ತಂದೆ, ಮಗ, ಪವಿತ್ರಾತ್ಮ ಒಂದೇ ದೇವರು ಅನ್ನೋದು), ಯೇಸುವಿನ ಸಮಾಧಿ, ಪುನರುತ್ಥಾನ ಎಲ್ಲ ಕಾಣ್ತಾರೆ. ಧ್ಯಾನಕ್ಕೆ ಇರ್ಲಿ, ಇತಿಹಾಸ ಅಂತ ಮಾತ್ರ ಹೇಳ್ಬೇಡಿ, ಯೆಹೂದ್ಯರಿಗೆ ಅದು ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಆದ ಬಿಡುಗಡೆಯ ನೆನಪು.

ಗಟ್ಟಿ ಲಿಂಕ್ ಬೇಕಂದ್ರೆ ಬೈಬಲಲ್ಲೇ ಇದೆ. ಪಸ್ಕದ ಕುರೀದು ಒಂದು ಎಲುಬೂ ಮುರೀಬಾರದು ಅಂತ ವಿಮೋಚನಕಾಂಡ 12:46, ಶಿಲುಬೆ ಮೇಲೆ ಯೇಸುವಿನ ಕಾಲು ಮುರೀಲಿಲ್ಲ ಅಂತ ಯೋಹಾನ 19:33. ಅಂದಹಾಗೆ ಮತ್ತಾಯ, ಮಾರ್ಕ, ಲೂಕರ ಪ್ರಕಾರ ಕೊನೇ ಊಟವೇ ಪಸ್ಕದ ಊಟ, ಯೋಹಾನನ ಪ್ರಕಾರ ಶಿಲುಬೆಗೆ ಹಾಕಿದ್ದು ಪಸ್ಕದ ಸಿದ್ಧತೆ ದಿನ, ಅಂದ್ರೆ ಪಸ್ಕದ ಊಟಕ್ಕೆ ಮುಂಚೆ, ಈ ಜಗಳ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

ಯೆಹೂದಿ ಫ್ರೆಂಡ್ಸ್ ಊಟಕ್ಕೆ ಕರೆದ್ರೆ ಆರಾಮಾಗಿ ಹೋಗಿ, ಅವರ ಮೇಜಿನ ಮೇಲೆ ಪ್ರಸಂಗ ಶುರು ಮಾಡ್ಬೇಡಿ ಅಷ್ಟೇ.