ಗಾಡಿ ಪ್ರಶ್ನೆ: ಎಸಿ ಲೈಟ್ ಉರೀತೈತಿ, ಕಂಪ್ರೆಸರ್ ಹಿಡಿಯಂಗಿಲ್ಲ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಎಸಿದೇ, ಅದ್ರಲ್ಲೂ ಕಂಪ್ರೆಸರ್, ಅಂದ್ರೆ ಎಸಿ ಗ್ಯಾಸನ್ನ ಒತ್ತಿ ಸುತ್ತಿಸೋ ಪಂಪಿಂದು. ಮೂರು ಆರಿಸ್ಕೊಂಡಿದೀನಿ, ಮೊದಲನೇದಕ್ಕೆ ಜಾಗ ಜಾಸ್ತಿ ಹೋಗತ್ತೆ, ಉಳಿದವ್ರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ ನಮಸ್ಕಾರ್ರೀ. ನಾ ಗದಗ ಕಡಿಯಾಂವ, ವಾಸ್ಕೋದಾಗ ಟ್ಯಾಕ್ಸಿ ಹೊಡೀತೀನಿ, ಬೈನಾದಾಗ ಮನಿ. ಗಾಡಿ 2014ರದು, ಪೆಟ್ರೋಲ್. ಮುಂಜಾನೆ ಎಸಿ ಬರ್ಫ್ ಇದ್ದಂಗ ಹೊಡೀತೈತ್ರಿ, ಅರ್ಧಾ ತಾಸು ಮುಕ್ಕಾಲು ತಾಸು ಓಡಿದ ಮ್ಯಾಲೆ ಬಿಸಿ ಗಾಳಿ ಚಾಲೂ. ಅನ್ಮೋಡ ಘಾಟ್ ಹತ್ತಿ ಹುಬ್ಬಳ್ಳಿಗೆ ಹೊಂಟ್ರಂತೂ ರಾಮನಗರ ಮುಟ್ಟೂದ್ರಾಗ ಪ್ಯಾಸೆಂಜರ್ ಬೈಯಾಕ ಶುರು ಮಾಡ್ತಾರ. ಬಾನೆಟ್ ತೆಗೆದು ನೋಡಿದ್ರ ಬೆಲ್ಟ್ ತಿರಗತಿರ್ತೈತಿ, ಮುಂದಿನ ಪ್ಲೇಟ್ ಸುಮ್ಮ ನಿಂತಿರ್ತೈತಿ. ಚಾ ಕುಡದು ಅರ್ಧಾ ತಾಸು ಬಿಟ್ಟು ಬಂದ್ರ ಮತ್ತ ಟಕ್ ಅಂತ ಹಿಡೀತೈತಿ. ಎರಡ ಸಲ ಗ್ಯಾಸ್ ಹಾಕಿಸೀನ್ರೀ, ಉಪಯೋಗ ಇಲ್ಲ. ಈಗ ಒಬ್ಬ ಮೆಕ್ಯಾನಿಕ್ ಬ್ಯಾಟರಿಯಿಂದ ಕಂಪ್ರೆಸರ್‌ಗೆ ಡೈರೆಕ್ಟ್ ವೈರ್ ಎಳದು ಡ್ಯಾಶ್‌ಬೋರ್ಡಿಗೆ ಬ್ಯಾರೆ ಸ್ವಿಚ್ ಕೊಡ್ತೀನಿ ಅಂತಾನ. ಬಿಸಿ ಇದ್ದಾಗ ಡೈರೆಕ್ಟ್ ಕೊಟ್ಟು ನೋಡಿದಾ, ಆಗೂ ಹಿಡೀಲಿಲ್ಲ, ಆದ್ರ ವೈರ್ ಸಣ್ಣದು, ದಪ್ಪಂದು ಹಾಕೂಣು ಅಂತಾನ. ಹಾಕಿಸ್ಲೇನ್ರೀ?

ಉತ್ತರ: ಹಾಕಿಸ್ಬೇಡ್ರೀ ಅಣ್ಣಾ. ನಿಮ್ಮ ಪತ್ರದಲ್ಲೇ ಉತ್ತರ ಇದೆ, ನಿಮ್ಮ ಮೆಕ್ಯಾನಿಕ್ ಕಣ್ಮುಂದೆ ಇದ್ರೂ ಓದ್ಲಿಲ್ಲ ಅಷ್ಟೇ. ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ರೂ ಬಿಸಿಯಲ್ಲಿ ಹಿಡೀಲಿಲ್ಲ ಅಂದ್ರಲ್ಲ, ಅಂದ್ರೆ ರಿಲೇ (ಕರೆಂಟ್ ಹಾಯಿಸೋ ಸ್ವಿಚ್ಚು), ಪ್ರೆಶರ್ ಸ್ವಿಚ್ (ಗ್ಯಾಸಿನ ಒತ್ತಡ ತೀರಾ ಇಳಿದ್ರೂ ಏರಿದ್ರೂ ಕರೆಂಟ್ ತಡೆಯೋದು), ಥರ್ಮಿಸ್ಟರ್ (ತಂಪು ಅಳೆಯೋ ಸೆನ್ಸರ್), ಇಸಿಎಂ (ಎಂಜಿನ್ ಕಂಪ್ಯೂಟರ್) ಇವ್ರ್ಯಾರೂ ತಪ್ಪಿತಸ್ಥರಲ್ಲ, ಅವ್ರನ್ನೆಲ್ಲ ದಾಟಿ ಕರೆಂಟ್ ಹೋಗಿದೆ. ಉಳಿದಿದ್ದು ಕ್ಲಚ್, ಇಲ್ಲಾ ಅದರ ಅರ್ತ್ (ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ).

ಕ್ಲಚ್ ಅಂದ್ರೆ ಹೇಗಿರತ್ತೆ ನೋಡಿ. ಪುಲ್ಲಿ ಬೆಲ್ಟ್ ಜೊತೆ ಯಾವಾಗ್ಲೂ ತಿರುಗ್ತಾನೇ ಇರತ್ತೆ, ಅದರ ಮುಂದೆ ಒಂದು ಪ್ಲೇಟು ಕಂಪ್ರೆಸರ್ ಶಾಫ್ಟಿಗೆ ಕೂತಿರತ್ತೆ, ಪುಲ್ಲಿ ಹಿಂದೆ ತಾಮ್ರದ ತಂತಿ ಸುತ್ತಿದ ಕಾಯಿಲ್. ಕಾಯಿಲಿಗೆ ಕರೆಂಟ್ ಬಂದ್ರೆ ಅದು ಅಯಸ್ಕಾಂತ ಆಗಿ ಪ್ಲೇಟನ್ನ ಪುಲ್ಲಿಗೆ ಎಳೆದು ಅಂಟಿಸತ್ತೆ, ಆ ಟಕ್ ಶಬ್ದ ಅದೇ. ಪ್ಲೇಟಿಗೂ ಪುಲ್ಲಿಗೂ ನಡುವೆ ಇರೋ ಸಂದು ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್, ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಅಂದ್ಕೊಳ್ಳಿ. ಹತ್ತು ವರ್ಷ ದಿನಾ ಸಾವಿರ ಸಲ ಅಂಟಿ ಬಿಟ್ಟು ಮಾಡಿದ್ರೆ ಮುಖ ಸವೆಯತ್ತೆ, ಸಂದು ದೊಡ್ಡದಾಗತ್ತೆ, ಟ್ಯಾಕ್ಸಿ ಆದ್ರೆ ಇನ್ನೂ ಬೇಗ.

ಸರಿ, ಹಾಗಾದ್ರೆ ಮುಂಜಾನೆ ಯಾಕೆ ಹಿಡಿಯತ್ತೆ? ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡಿ ಜಾಸ್ತಿ ಮಾಡತ್ತೆ, ಒಂದು ಡಿಗ್ರಿಗೆ ಹತ್ತತ್ರ 0.4 ಪರ್ಸೆಂಟು. ತಣ್ಣಗಿದ್ದಾಗ ಕಾಯಿಲ್ 3.5 ಓಮ್ ಅಂತ ಇಟ್ಕೊಳ್ಳಿ, 13.5 ವೋಲ್ಟಿಗೆ ಹತ್ರ ನಾಲ್ಕು ಆಂಪ್ ಎಳೆಯತ್ತೆ. ಎಂಜಿನ್ ಬಾಯಲ್ಲಿ ಬೆಂದು 100 ಡಿಗ್ರಿ ಆದ್ರೆ ಅದೇ ಕಾಯಿಲ್ 4.5 ಓಮ್, ಕರೆಂಟು ಮೂರಕ್ಕೆ ಇಳಿಯತ್ತೆ. ಅಯಸ್ಕಾಂತದ ಎಳೆತ ಕರೆಂಟಿನ ವರ್ಗದ ಲೆಕ್ಕದಲ್ಲಿ ಬೀಳೋದು, ಹಾಗಾಗಿ ಕಾಲು ಭಾಗ ಕರೆಂಟು ಹೋದ್ರೆ ಎಳೆತ ಹೆಚ್ಚುಕಮ್ಮಿ ನಲವತ್ತು ಪರ್ಸೆಂಟ್ ಹೋಯ್ತು. ಸಂದು ಸರಿ ಇದ್ರೆ ಉಳಿದ ಶಕ್ತಿಯಲ್ಲೂ ಹಿಡಿಯತ್ತೆ, ಸಂದು 0.8, 1 ಮಿಲಿಮೀಟರ್ ಆಗಿದ್ರೆ ಕೈ ಚಾಚತ್ತೆ ಆದ್ರೆ ಎಟುಕಲ್ಲ. ನೀವು ಚಾ ಕುಡಿಯೋ ಹೊತ್ತಿಗೆ ಕಾಯಿಲ್ ತಣ್ಣಗಾಗತ್ತೆ, ಅದಕ್ಕೇ ಮತ್ತೆ ಟಕ್. (ಘಾಟ್‌ನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಕೆಲವು ಗಾಡಿ ತಾನೇ ನಾಲ್ಕೈದು ಸೆಕೆಂಡ್ ಕಂಪ್ರೆಸರ್ ಬಿಡತ್ತೆ, ಅದು ರೋಗ ಅಲ್ಲ, ತಾನೇ ವಾಪಸ್ ಬರತ್ತೆ.)

ಮಾಡೋದು ಏನಂದ್ರೆ, ಎಂಜಿನ್ ಆಫ್ ಮಾಡಿ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿಗಳು) ಹಾಕಿ ಮೂರು ಕಡೆ ಸಂದು ಅಳೆಯೋಕೆ ಹೇಳಿ. ಬಹಳಷ್ಟು ಕಂಪ್ರೆಸರ್‌ನಲ್ಲಿ ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ಈಚೆ ತೆಗೆದ್ರೆ ಒಳಗೆ ತೆಳು ವಾಷರ್, ಶಿಮ್ ಅಂತಾರೆ, ಇರತ್ತೆ, ಒಂದು ತೆಗೆದ್ರೆ ಸಂದು ಕಮ್ಮಿ ಆಗತ್ತೆ. ಆಸೆಬಿದ್ದು ಎಲ್ಲಾ ತೆಗೆದ್ರೆ ಎಸಿ ಆಫ್ ಇದ್ರೂ ಪ್ಲೇಟ್ ಉಜ್ಜಿ ಸುಟ್ಟ ವಾಸನೆ ಬರತ್ತೆ, ಆಮೇಲೆ ನನ್ನ ಬೈಯ್ಬೇಡಿ. ಪ್ಲೇಟಿನ ಮುಖ ನೀಲಿಯಾಗಿ ಸುಟ್ಟಿದ್ರೆ, ಇಲ್ಲಾ ಶಿಮ್ಮೇ ಇಲ್ಲದ ಮಾದರಿ ಆದ್ರೆ, ಕ್ಲಚ್ ಸೆಟ್ ಬದಲಾಯಿಸ್ಬೇಕು. ಇಡೀ ಕಂಪ್ರೆಸರ್ ಬದಲಾಯಿಸಿ ಅಂದ್ರೆ ಯಾಕೆ ಅಂತ ಕೇಳಿ. ಇದಕ್ಕೆ ಗ್ಯಾಸ್ ಬಿಚ್ಚೋ ಅಗತ್ಯ ಸಾಮಾನ್ಯವಾಗಿ ಇಲ್ಲ.

ಬಿಚ್ಚೋ ಮೊದಲು ಒಂದೇ ಒಂದು ಪರೀಕ್ಷೆ: ಬಿಸಿಯಲ್ಲಿ ನಿಂತಾಗ, ಎಸಿ ಆನ್ ಇಟ್ಟು, ಕಂಪ್ರೆಸರ್ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್. ಬ್ಯಾಟರಿಯಷ್ಟೇ ವೋಲ್ಟ್ ಇದ್ದೂ ಪ್ಲೇಟ್ ಅಲ್ಲಾಡ್ಲಿಲ್ಲ ಅಂದ್ರೆ ಮೇಲೆ ಹೇಳಿದ್ದೇ. ಹತ್ತೋ ಹತ್ತೂವರೆಯೋ ತೋರಿಸಿದ್ರೆ ಅರ್ತ್ ತುಕ್ಕು ಹಿಡಿದಿರತ್ತೆ, ನಿಮ್ಮ ಸಮುದ್ರದ ಗಾಳಿಗೆ ಅದೇನು ಆಶ್ಚರ್ಯ ಅಲ್ಲ, ಇಲ್ಲಾ ಕ್ಲಚ್ ಜೊತೆ ರಿಲೇ ಕಾಂಟ್ಯಾಕ್ಟೂ ಸುಟ್ಟಿರತ್ತೆ.

ಇನ್ನು ಆ ಡೈರೆಕ್ಟ್ ಸ್ವಿಚ್. ಪರೀಕ್ಷೆಗೆ ಎರಡು ಸೆಕೆಂಡ್ ಕೊಡೋದು ಬೇರೆ, ಖಾಯಂ ಹಾಕೋದು ಬೇರೆ. ಖಾಯಂ ಹಾಕಿದ್ರೆ ಗ್ಯಾಸ್ ಸೋರಿ ಹೋದ್ರೂ ಕಂಪ್ರೆಸರ್ ತಿರುಗ್ತಾನೇ ಇರತ್ತೆ, ಎಣ್ಣೆ ಓಡಾಡೋದು ಗ್ಯಾಸ್ ಜೊತೇಲೇ, ಒಣಗಿ ಜಾಮ್ ಆಗತ್ತೆ, ಬೆಲ್ಟ್ ಹರಿಯತ್ತೆ. ಕಂಡೆನ್ಸರ್ (ಬಿಸಿ ಗ್ಯಾಸ್ ತಣಿಸೋ ಮುಂದಿನ ಜಾಲರಿ) ಫ್ಯಾನ್ ನಿಂತ್ರೂ ಬಿಡಿಸೋರಿಲ್ಲ, ಒಳಗೆ ಕೂಲಿಂಗ್ ಕಾಯಿಲ್ ಐಸ್ ಕಟ್ಟಿದ್ರೂ ಬಿಡಿಸೋರಿಲ್ಲ. ಡ್ರೈವರ್ ಮರೀತಾನೆ, ಪ್ರೆಶರ್ ಸ್ವಿಚ್ ಮರೆಯಲ್ಲ.

ಎರಡು ಸಲ ಗ್ಯಾಸ್ ಅಂದ್ರಲ್ಲ, ಅದೂ ತಲೆನೋವೇ. ಗ್ಯಾಸ್ ಪೆಟ್ರೋಲ್ ಅಲ್ರೀ ಖರ್ಚಾಗೋಕೆ, ಮುಚ್ಚಿದ ಪೈಪಲ್ಲಿ ಸುತ್ತತಾ ಇರತ್ತೆ. ಮುಂಜಾನೆ ಬರ್ಫ್ ಥರ ಹೊಡೀತಿದ್ದಾಗ ಗ್ಯಾಸ್ ಕಮ್ಮಿ ಇತ್ತು ಅಂತ ಯಾರು ಹೇಳಿದ್ರೋ. ತೂಕ ಮಾಡ್ದೆ ಮೇಲಿಂದ ಮೇಲೆ ತುಂಬಿದ್ರೆ ಪ್ರೆಶರ್ ಏರಿ ಕ್ಲಚ್ಚಿಗೆ ಭಾರ ಇನ್ನೂ ಜಾಸ್ತಿ. ಗ್ಯಾಸ್ ಪೂರ್ತಿ ಮೆಷಿನ್ನಿಗೆ ತೆಗೆಸಿ, ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಿಸಿ.

ಪ್ರಶ್ನೆ: ದೊಂಬಿವಲಿಯಿಂದ. ಸರ್, ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲಲ್ಲಿ ಕುಂದಾಪುರಕ್ಕೆ ಹೋದದ್ದು, ಅಮ್ಮನಿಗೆ ಹುಷಾರಿಲ್ಲದೆ ಎರಡು ತಿಂಗಳು ಅಲ್ಲೇ ಆಯ್ತು. ಗಾಡಿ ಬಿಲ್ಡಿಂಗ್ ಕೆಳಗೆ ನಿಂತಿತ್ತು. ಈಗ ಎಸಿ ಹಾಕಿದ್ರೆ ಗಾಳಿ ಬರ್ತದೆ, ತಂಪಿಲ್ಲ, ಕಂಪ್ರೆಸರ್ ಟಕ್ ಅನ್ನುದೇ ಇಲ್ಲ, ಬೆಳಿಗ್ಗೆಯೂ ಇಲ್ಲ ರಾತ್ರಿಯೂ ಇಲ್ಲ. ಎಂತ ಮಾಡುದು?

ಉತ್ತರ: ಮೊದಲು ಇಲಿ. ನಗಬೇಡಿ, ಮಳೆಗಾಲದಲ್ಲಿ ನಿಂತ ಗಾಡಿಯ ಬಾನೆಟ್ ಒಳಗೆ ಬೆಚ್ಚಗೆ ಸಂಸಾರ ಹೂಡೋದು ಅವೇ, ಕಂಪ್ರೆಸರ್ ವೈರ್ ಕಡಿದಿದ್ಯಾ ಟಾರ್ಚ್ ಹಾಕಿ ನೋಡಿ. ಆಮೇಲೆ ಎಸಿ ಫ್ಯೂಸ್. ಆಮೇಲೆ ರಿಲೇ, ಹಾರ್ನಿನ ರಿಲೇ ಅದೇ ನಂಬರಿಂದು ಆದ್ರೆ ಅದಲು ಬದಲು ಮಾಡಿ ನೋಡಿ, ದುಡ್ಡೇನೂ ಬೇಡ.

ಅಷ್ಟರಲ್ಲಿ ಸಿಗ್ಲಿಲ್ಲ ಅಂದ್ರೆ ಗ್ಯಾಸಿನ ಪ್ರೆಶರ್ ಗೇಜ್ ಹಾಕಿಸಿ. ನಿಮ್ಮದು ಆರ್-134ಎ ಗ್ಯಾಸ್ ಆಗಿದ್ರೆ, ಎಂಜಿನ್ ಆಫ್ ಇದ್ದು ಹೊರಗೆ 30 ಡಿಗ್ರಿ ಇದ್ದಾಗ 95–100 ಪಿಎಸ್‌ಐ ತೋರಿಸ್ಬೇಕು. ಹಾಗೆ ತೋರಿಸಿದ್ರೆ ಗ್ಯಾಸ್ ಪೂರ್ತಿ ಇದೆ ಅಂತ ಅರ್ಥ ಅಲ್ಲ, ಒಳಗೆ ಸ್ವಲ್ಪ ದ್ರವ ಉಳಿದಿದ್ರೂ ಅಷ್ಟೇ ತೋರಿಸತ್ತೆ, ಇದನ್ನ ಎಷ್ಟೋ ಮೆಕ್ಯಾನಿಕ್‌ಗಳೂ ತಪ್ಪು ತಿಳ್ಕೊಂಡಿದಾರೆ. ಮೂವತ್ತು ಪಿಎಸ್‌ಐ ಆಸುಪಾಸು ಇಲ್ಲಾ ಅದಕ್ಕೂ ಕಮ್ಮಿ ತೋರಿಸಿದ್ರೆ ಸೋರಿದೆ ಅಂತ ಖಾತ್ರಿ, ಪ್ರೆಶರ್ ಸ್ವಿಚ್ಚೇ ಕರೆಂಟ್ ತಡೆದಿದೆ, ಅದು ತನ್ನ ಕೆಲಸ ಮಾಡ್ತಿದೆ. ಎರಡು ತಿಂಗಳು ತಿರುಗದೆ ನಿಂತ್ರೆ ಶಾಫ್ಟಿನ ಸೀಲ್ ಒಣಗಿ ಅಲ್ಲಿಂದ ಸೋರೋದುಂಟು. ನೈಟ್ರೋಜನ್ ತುಂಬಿಸಿ ಸೋಪು ನೀರು ಹಚ್ಚಿ ಜಾಗ ಹುಡುಕಿಸಿ, ಎಣ್ಣೆ ಜಿಡ್ಡಿಗೆ ಧೂಳು ಅಂಟಿದ ಜಾಗ ಕಂಡ್ರೆ ಅಲ್ಲೇ ಮೊದಲು ನೋಡಿ. ಸೋರಿಕೆ ಮುಚ್ಚಿ, ಅರ್ಧ ಗಂಟೆಯಾದ್ರೂ ವ್ಯಾಕ್ಯೂಮ್ ಎಳೆದು, ಆಮೇಲೆ ಗ್ಯಾಸ್. ಮುಂದಿನ ಸಲ ಊರಿಗೆ ಹೋಗುವಾಗ ಪಕ್ಕದ ಮನೆ ಹುಡುಗನ ಕೈಗೆ ಕೀ ಕೊಡಿ, ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ ನಿಲ್ಲಿಸ್ಲಿ.

ಪ್ರಶ್ನೆ: ಪುಣೆ, ಪಿಂಪ್ರಿ. ನನ್ನ ಹೊಸ ಗಾಡಿಯಲ್ಲಿ ಎಸಿ ತಣ್ಣಗಾಗ್ತಿಲ್ಲ, ಎಷ್ಟು ನೋಡಿದ್ರೂ ಕಂಪ್ರೆಸರ್ ಪ್ಲೇಟ್ ಬಿಡೋದೂ ಇಲ್ಲ ಹಿಡಿಯೋದೂ ಇಲ್ಲ, ಯಾವಾಗ್ಲೂ ತಿರುಗ್ತಾನೇ ಇರತ್ತೆ. ಅಂಟ್ಕೊಂಡ್ಬಿಟ್ಟಿದ್ಯಾ?

ಉತ್ತರ: ಈಗಿನ ಕೆಲವು ಗಾಡಿಗಳಲ್ಲಿ ಆ ಕ್ಲಚ್ಚೇ ಇರಲ್ಲ ಸಾರ್, ಕಂಪ್ರೆಸರ್ ಸದಾ ತಿರುಗ್ತಾ ಒಳಗಿನ ವಾಲ್ವ್ ಒಂದು ಎಷ್ಟು ಗ್ಯಾಸ್ ತಳ್ಳಬೇಕು ಅಂತ ನೋಡ್ಕೊಳ್ಳತ್ತೆ. ಮುಂಭಾಗದಲ್ಲಿ ಕಾಯಿಲಿನ ವೈರ್ ಇದ್ಯಾ ನೋಡಿ, ಇಲ್ಲ ಅಂದ್ರೆ ಅದೇ ಜಾತಿ. ಟಕ್ ಶಬ್ದಕ್ಕೆ ಕಾಯ್ಬೇಡಿ, ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕೋರ ಹತ್ರ ಹೋಗಿ, ವಾರಂಟಿ ಇದ್ರೆ ಹೊರಗೆ ಬಿಚ್ಚಿಸ್ಲೇಬೇಡಿ.