ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ವರ್ಚುವಲ್ ಮೆಷಿನ್‌ನ ಆಕ್ಟಿವೇಷನ್ ಹೋಗಿದೆ, ಮರಳಿ ಪಡೆಯುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ನನಗೆ ಅರ್ಥವಾದದ್ದು ಇಷ್ಟು. ಚಿಕ್ಕಮಗಳೂರಿನ ಕಾಫಿ ತೋಟದ ಕಚೇರಿಯಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮೆಷಿನ್ ಅನ್ನು, ಓಡಿಸುವ ತಂತ್ರಾಂಶ) ಒಳಗೆ ವಿಂಡೋಸ್ 10 ಪ್ರೊ ಇತ್ತು, ಚೆಕ್‌ರೋಲು (ಕೂಲಿಯವರ ಹಾಜರಿ ಪಟ್ಟಿ) ಮತ್ತು ಬಟವಾಡೆ ಲೆಕ್ಕದ ಹಳೆಯ ತಂತ್ರಾಂಶ ಅದರಲ್ಲೇ ನಡೆಯುತ್ತಿತ್ತು. ಹೊಸ ಕಂಪ್ಯೂಟರ್ ತಂದು, ಆ ಮೆಷಿನ್‌ನ ಫೋಲ್ಡರ್ ಅನ್ನು ಅದಕ್ಕೆ ನಕಲು ಮಾಡಿ, ಇಎಫ್‌ಐ (ಹಳೆಯ ಬಯೋಸ್ ಬದಲಿನ ಬೂಟ್ ವ್ಯವಸ್ಥೆ) ಮತ್ತು ಟಿಪಿಎಂ (ಭದ್ರತಾ ಚಿಪ್) ಜೋಡಿಸಿ ವಿಂಡೋಸ್ 11 ಪ್ರೊಗೆ ಏರಿಸಿದಿರಿ. ಈಗ 0ಎಕ್ಸ್‌ಸಿ004ಎಫ್211 ಎಂಬ ದೋಷ ಸಂಖ್ಯೆ ತೋರಿಸುತ್ತಿದೆ. ಬಿಲ್ಲಿಂಗ್‌ಗೆಂದು ಅದರದೇ ಇನ್ನೊಂದು ಪ್ರತಿ ತೆಗೆದಿದ್ದೀರಿ, ಅದೂ ಆಕ್ಟಿವೇಟ್ ಆಗುತ್ತಿಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ಕೀಯನ್ನು ಇದಕ್ಕೆ ಹಾಕಬಹುದೇ ಎಂದೂ ಕೇಳಿದ್ದೀರಿ.

ವಿಂಡೋಸ್ 11ರ ಮೇಲೆ ತಪ್ಪು ಹೊರಿಸಬೇಡಿ. ಆಕ್ಟಿವೇಟ್ ಆಗಿದ್ದ 10 ಪ್ರೊ ಅದೇ ಮೆಷಿನ್‌ನಲ್ಲಿ 11 ಪ್ರೊ ಆದರೆ ಡಿಜಿಟಲ್ ಲೈಸೆನ್ಸ್ (ಮೆಷಿನ್‌ನ ಗುರುತಿನೊಂದಿಗೆ ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ದಾಖಲಾದ ಪರವಾನಗಿ) ಹಾಗೆಯೇ ಮುಂದುವರಿಯುತ್ತದೆ, ಹೊಸ ಕೀ ಬೇಕಾಗುವುದಿಲ್ಲ. ಎಫ್211 ಎಂಬ ಸಂದೇಶದ ಅರ್ಥ ‘ಈ ಮೆಷಿನ್‌ನ ಹಾರ್ಡ್‌ವೇರ್ ಬದಲಾಗಿದೆ’ ಎಂದು. ಅದು ಬದಲಾದದ್ದು ಅಪ್‌ಗ್ರೇಡ್‌ಗೂ ಮೊದಲು, ನಕಲು ಮಾಡಿದ ಫೋಲ್ಡರನ್ನು ಹೊಸ ಕಂಪ್ಯೂಟರ್‌ನಲ್ಲಿ ತೆರೆದ ಕ್ಷಣದಲ್ಲಿ.

ನಿಜವಾದ ಕಂಪ್ಯೂಟರ್‌ನಲ್ಲಿ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ವರ್ಚುವಲ್ ಮೆಷಿನ್‌ಗೆ ಮದರ್‌ಬೋರ್ಡ್ ಎಂದರೆ ಅದರ ಸೆಟಿಂಗ್‌ಗಳಿರುವ ವಿಎಂಎಕ್ಸ್ ಕಡತದಲ್ಲಿ ಬರೆದಿಟ್ಟ ಕೆಲವು ಸಾಲುಗಳು ಮಾತ್ರ. ಬೇರೆ ಜಾಗದಿಂದ ಫೋಲ್ಡರ್ ತೆರೆದ ಮೊದಲ ಸಲ ವಿಎಂವೇರ್ ಒಂದು ಪ್ರಶ್ನೆ ಕೇಳುತ್ತದೆ: ‘ಐ ಮೂವ್ಡ್ ಇಟ್’ ಅಥವಾ ‘ಐ ಕಾಪೀಡ್ ಇಟ್’. ನಕಲು ಮಾಡಿದ್ದು ನಿಜವೇ ಆದ್ದರಿಂದ ಬಹಳ ಮಂದಿ ಎರಡನೆಯದನ್ನು ಒತ್ತುತ್ತಾರೆ. ಒತ್ತಿದೊಡನೆ ಹೊಸ ಬಯೋಸ್ ಯುಯುಐಡಿ (ಮೆಷಿನ್‌ನ ಗುರುತು ಸಂಖ್ಯೆ), ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಹುಟ್ಟಿಕೊಳ್ಳುತ್ತವೆ. ಮೈಕ್ರೋಸಾಫ್ಟ್ ಸರ್ವರ್‌ಗೆ ಅದು ಎಂದೂ ನೋಡಿರದ ಮೆಷಿನ್. ಹಳೆಯದನ್ನು ಮುಚ್ಚಿ ಹೊಸ ಕಂಪ್ಯೂಟರ್‌ನಲ್ಲಿ ಮಾತ್ರ ಓಡಿಸುವುದಾದರೆ ಸರಿಯಾದ ಉತ್ತರ ‘ಐ ಮೂವ್ಡ್ ಇಟ್’.

ಏನನ್ನೂ ತಿದ್ದುವ ಮೊದಲು ಇದು ಯಾವ ಬಗೆಯ ಲೈಸೆನ್ಸ್ ಎಂದು ನೋಡಿ. ಮುಂದಿನ ಎಲ್ಲವೂ ಅದರ ಮೇಲೆ ನಿಂತಿದೆ. ಹಳೆಯ ಕಂಪ್ಯೂಟರ್‌ನಲ್ಲಿ ಮೂಲ ಫೋಲ್ಡರ್ ಇನ್ನೂ ಇದ್ದರೆ ಅಲ್ಲೇ ನೋಡುವುದು ಉತ್ತಮ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಎಸ್‌ಎಲ್‌ಎಂಜಿಆರ್, ಒಂದು ಖಾಲಿ ಜಾಗ, ಓರೆಗೆರೆ, ಡಿಎಲ್‌ವಿ ಎಂದು ಟೈಪ್ ಮಾಡಿ. ಬರುವ ಕಿಟಕಿಯಲ್ಲಿ ಡಿಸ್ಕ್ರಿಪ್ಷನ್ ಸಾಲು ಓದಿ. ರೀಟೇಲ್ ಚಾನೆಲ್ (ಬಿಡಿಯಾಗಿ ಕೊಂಡ ಲೈಸೆನ್ಸ್) ಎಂದಿದ್ದರೆ ದಾರಿ ಸುಲಭ. ಒಇಎಂ ಎಂದಿದ್ದರೆ ಅದು ಒಂದು ಯಂತ್ರದೊಂದಿಗೆ ಮಾರಿದ ಲೈಸೆನ್ಸ್, ಆ ಯಂತ್ರ ಬಿಟ್ಟು ಬರುವುದಿಲ್ಲ. ವಾಲ್ಯೂಮ್ ಎಂಎಕೆ (ಒಂದು ಸಂಸ್ಥೆಯ ಹಲವು ಯಂತ್ರಗಳಿಗೆ ಕೊಟ್ಟ ಒಂದೇ ಕೀ) ಎಂದಿದ್ದರೆ ಕೀ ಯಾವ ಸಂಸ್ಥೆಯದೋ ಅವರನ್ನೇ ಕೇಳಬೇಕು. ಅದಕ್ಕೆ ಇಷ್ಟೇ ಸಲ ಎಂಬ ಎಣಿಕೆಯಿದೆ.

ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಎಂದು ಬಂದರೆ ದಯವಿಟ್ಟು ನಿಂತು ಯೋಚಿಸಿ. ಕೆಎಂಎಸ್ ಎಂದರೆ ಸಂಸ್ಥೆಯೊಳಗೇ ಒಂದು ಸರ್ವರ್ ಇಟ್ಟು ಕ್ಲೈಂಟ್ ಕಂಪ್ಯೂಟರ್‌ಗಳನ್ನು ಆಕ್ಟಿವೇಟ್ ಮಾಡುವ ವ್ಯವಸ್ಥೆ. ಕ್ಲೈಂಟ್ ವಿಂಡೋಸ್‌ಗೆ ಕನಿಷ್ಠ 25 ಯಂತ್ರಗಳು ಎಣಿಕೆಗೆ ಸಿಗದೆ ಅದು ಕೆಲಸವನ್ನೇ ಆರಂಭಿಸುವುದಿಲ್ಲ, ಸಿಕ್ಕಿದ ಆಕ್ಟಿವೇಷನ್ 180 ದಿನ ಮಾತ್ರ ನಿಲ್ಲುತ್ತದೆ. ನಾಲ್ಕು ಕಂಪ್ಯೂಟರ್‌ಗಳ ತೋಟದ ಕಚೇರಿಯಲ್ಲಿ ಇದು ಕಂಡರೆ, ಹಿಂದೆ ಇನ್‌ಸ್ಟಾಲ್ ಮಾಡಿಕೊಟ್ಟವರು ನಕಲಿ ಆಕ್ಟಿವೇಟರ್ ಓಡಿಸಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಸರಿಪಡಿಸಲು ಅಲ್ಲಿ ಲೈಸೆನ್ಸೇ ಇಲ್ಲ. ಹೊಸದು ಕೊಳ್ಳುವುದೊಂದೇ ದಾರಿ. ಕೂಲಿಯವರ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳು ಇರುವ ಮೆಷಿನ್ ಅದು. ಆಂಟಿವೈರಸ್ ಆಫ್ ಮಾಡಿ ಓಡಿಸಬೇಕಾದ ಆ ನಕಲಿ ಆಕ್ಟಿವೇಟರನ್ನು ಅದರೊಳಗೆ ಬಿಡಲೇಬಾರದು.

ರೀಟೇಲ್ ಎಂದೇ ಇಟ್ಟುಕೊಂಡು ಮುಂದೆ ಹೋಗೋಣ. ಮೂಲ ಫೋಲ್ಡರ್‌ನ ವಿಎಂಎಕ್ಸ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಯುಯುಐಡಿ.ಬಯೋಸ್ ಎಂದು ಆರಂಭವಾಗುವ ಸಾಲು, ಈಥರ್ನೆಟ್0 ಜನರೇಟೆಡ್ ಅಡ್ರೆಸ್ ಎಂಬ ಸಾಲು, ಎರಡನ್ನೂ ಬರೆದುಕೊಳ್ಳಿ. ಹೊಸ ಕಂಪ್ಯೂಟರ್‌ನಲ್ಲಿ ವರ್ಚುವಲ್ ಮೆಷಿನ್ ಪೂರ್ತಿ ಶಟ್‌ಡೌನ್ ಮಾಡಿ (ಸಸ್ಪೆಂಡ್ ಸಾಲದು), ವರ್ಕ್‌ಸ್ಟೇಷನ್ ಕೂಡ ಮುಚ್ಚಿ, ಫೋಲ್ಡರ್‌ನ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಅಲ್ಲಿನ ಆ ಎರಡು ಸಾಲುಗಳ ಮೌಲ್ಯಗಳನ್ನು ಹಳೆಯವಕ್ಕೆ ಬದಲಿಸಿ. ಜೊತೆಗೆ ಯುಯುಐಡಿ.ಆ್ಯಕ್ಷನ್ ಎಂಬ ಸಾಲು ಸೇರಿಸಿ ಅದಕ್ಕೆ ಕೀಪ್ ಎಂಬ ಮೌಲ್ಯ ಕೊಟ್ಟರೆ ಮೂವ್ಡ್, ಕಾಪೀಡ್ ಪ್ರಶ್ನೆ ಮತ್ತೆ ಬರುವುದಿಲ್ಲ. ಬಳಿಕ ಮೆಷಿನ್ ಆನ್ ಮಾಡಿ, ಇಂಟರ್‌ನೆಟ್ ಇದೆಯೆಂದು ಖಚಿತಪಡಿಸಿಕೊಂಡು, ಮೊದಲಿನಂತೆಯೇ ಎಸ್‌ಎಲ್‌ಎಂಜಿಆರ್ ಬರೆದು ಓರೆಗೆರೆಯ ಮುಂದೆ ಎಟಿಒ (ಆಕ್ಟಿವೇಟ್ ಮಾಡುವ ಆಜ್ಞೆ) ಕೊಡಿ.

ನಿಮ್ಮಲ್ಲಿ ಒಂದು ತೊಡಕಿದೆ. ಟಿಪಿಎಂ ಸೇರಿಸಲು ವಿಎಂವೇರ್ ಮೆಷಿನ್ ಅನ್ನು ಎನ್‌ಕ್ರಿಪ್ಟ್ ಮಾಡಿಸುತ್ತದೆ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ವಿಎಂಎಕ್ಸ್ ತೆರೆದರೆ ಓದಲಾಗದ ಅಕ್ಷರರಾಶಿ ಕಂಡೀತು. ಹಾಗಾದರೆ ವಿಂಡೋಸ್ ಒಳಗೆ ಬಿಟ್‌ಲಾಕರ್ (ಡಿಸ್ಕ್ ಅನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಇದೆಯೇ ನೋಡಿ, ಇದ್ದರೆ ಪೂರ್ತಿ ಆಫ್ ಮಾಡಿ ಡಿಕ್ರಿಪ್ಷನ್ ಮುಗಿಯುವವರೆಗೆ ಕಾಯಿರಿ. ನಂತರ ಟಿಪಿಎಂ ತೆಗೆದು, ವಿಎಂವೇರ್‌ನ ಎನ್‌ಕ್ರಿಪ್ಷನ್ ತೆಗೆದು, ಸಾಲುಗಳನ್ನು ತಿದ್ದಿ, ಮತ್ತೆ ಎರಡನ್ನೂ ಸೇರಿಸಿ. ಬಿಟ್‌ಲಾಕರ್ ಇರುವಾಗಲೇ ಟಿಪಿಎಂ ಕಿತ್ತರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಬಟವಾಡೆ ಲೆಕ್ಕವೆಲ್ಲ ಬೀಗದೊಳಗೆ.

ಮೂಲ ಫೋಲ್ಡರ್ ಅಳಿಸಿಹೋಗಿದ್ದರೆ? ಆ ಲೈಸೆನ್ಸನ್ನು ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ ದಾರಿಯಿದೆ. ಸೆಟಿಂಗ್ಸ್, ಸಿಸ್ಟಂ, ಆಕ್ಟಿವೇಷನ್, ಟ್ರಬಲ್‌ಶೂಟ್ ಹೀಗೆ ಹೋಗಿ, ಹಾರ್ಡ್‌ವೇರ್ ಈಚೆಗೆ ಬದಲಿಸಿದ್ದೇನೆ ಎಂಬ ಕೊಂಡಿ ಒತ್ತಿ, ಅದೇ ಖಾತೆಯಿಂದ ಸೈನ್ ಇನ್ ಆಗಿ, ಪಟ್ಟಿಯಲ್ಲಿ ಹಳೆಯ ಮೆಷಿನ್‌ನ ಹೆಸರು ಆರಿಸಿ. ಡೆಸ್ಕ್‌ಟಾಪ್ ಎಂದು ಶುರುವಾಗುವ ಒಂದೇ ಥರದ ಹೆಸರುಗಳು ಐದಾರು ಇದ್ದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅದಕ್ಕೇ ಪ್ರತಿ ವರ್ಚುವಲ್ ಮೆಷಿನ್‌ಗೂ ಗುರುತಾಗುವ ಹೆಸರು ಇಡಿ. ಕೊಂಡ 25 ಅಕ್ಷರಗಳ ಕೀ ಬಿಲ್ಲಿನ ಜೊತೆ ಸಿಕ್ಕರೆ ಅದನ್ನೇ ಹಾಕಿ ನೋಡಬಹುದು. 0ಎಕ್ಸ್‌ಸಿ004ಸಿ008 ಬಂದರೆ ಆ ಕೀ ಮಿತಿ ಮೀರಿ ಬಳಕೆಯಾಗಿದೆ, 0ಎಕ್ಸ್‌ಸಿ004ಸಿ003 ಬಂದರೆ ಅದನ್ನು ತಡೆಹಿಡಿದಿದ್ದಾರೆ ಎಂದರ್ಥ. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ ಕೀಗಳು ಬಹುಪಾಲು ಎರಡನೆಯದಕ್ಕೇ ಬಂದು ನಿಲ್ಲುತ್ತವೆ. 0ಎಕ್ಸ್‌ಸಿ004ಎಫ್212 ಬಂದರೆ ಕೀ ಒಂದು ಆವೃತ್ತಿಯದು, ಇನ್‌ಸ್ಟಾಲ್ ಆಗಿರುವುದು ಇನ್ನೊಂದು. ಹೋಮ್ ಮತ್ತು ಪ್ರೊ ಅದಲುಬದಲಾದಾಗ ಹೀಗಾಗುತ್ತದೆ. ವಿಂಡೋಸ್ 7ರ ಹಳೆಯ ಕೀ ಹುಡುಕಿ ತರಬೇಡಿ, ಆ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ.

ಬಿಲ್ಲಿಂಗ್ ಪ್ರತಿಯ ವಿಷಯಕ್ಕೆ ಬಂದರೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ರೀಟೇಲ್ ಕರಾರಿನ ಪ್ರಕಾರ ಒಂದು ಲೈಸೆನ್ಸ್‌ಗೆ ಒಂದೇ ಇನ್‌ಸ್ಟಾಲ್, ಅದು ನಿಜವಾದ ಯಂತ್ರವಾಗಲಿ ವರ್ಚುವಲ್ ಯಂತ್ರವಾಗಲಿ. ಮೇಲೆ ಹೇಳಿದ ಯುಯುಐಡಿ ಉಪಾಯ ಎರಡನೆಯ ಪ್ರತಿಗೆ ಅಲ್ಲ. ಜಾಗ ಬದಲಿಸಿದ ಒಂದೇ ಮೆಷಿನ್‌ಗೆ ಮಾತ್ರ ಅದು ನ್ಯಾಯವಾದದ್ದು. ಹಳೆಯ ಕಂಪ್ಯೂಟರ್‌ನ ಮೂಲ ಪ್ರತಿಯನ್ನೂ ಇನ್ನು ಓಡಿಸುವಂತಿಲ್ಲ. ಬಿಲ್ಲಿಂಗ್ ತಂತ್ರಾಂಶ ಬಟವಾಡೆಯ ಮೆಷಿನ್‌ನಲ್ಲೇ ಕೂರುವುದಾದರೆ ಅಲ್ಲೇ ಹಾಕಿ, ಒಂದು ಲೈಸೆನ್ಸ್‌ನ ಹಣ ಉಳಿಯುತ್ತದೆ. ಲ್ಯಾಪ್‌ಟಾಪ್ ಜೊತೆ ಬಂದ ಕೀ ಅದರ ಫರ್ಮ್‌ವೇರ್‌ನಲ್ಲೇ ಇರುತ್ತದೆ, ಆ ಲ್ಯಾಪ್‌ಟಾಪ್‌ಗೆ ಮಾತ್ರ ಸಲ್ಲುತ್ತದೆ. ವರ್ಚುವಲ್ ಮೆಷಿನ್‌ಗೆ ಅದನ್ನು ಬಳಸುವ ಹಕ್ಕಿಲ್ಲ.

ಉಳಿದ ಮೆಷಿನ್‌ಗಳನ್ನೂ ಏರಿಸಲಿದ್ದೀರಿ ಎಂದಿರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿರುವುದರಿಂದ ತಡಮಾಡದಿರುವುದು ಸರಿ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಆಕ್ಟಿವೇಷನ್ ನೋಡಿ. ಮೊದಲು ಸ್ಥಳಾಂತರ. ನಂತರ ಡಿಸ್ಕ್ 64 ಜಿಬಿ, ರ‍್ಯಾಮ್ 4 ಜಿಬಿ, ಎರಡು ಕೋರ್ ಇವೆಯೇ ಎಂಬ ಪರೀಕ್ಷೆ. ಹಳೆಯ ಮೆಷಿನ್‌ಗಳು 40 ಜಿಬಿಯಲ್ಲಿ, ಒಂದೇ ಕೋರ್‌ನಲ್ಲಿ ಇರುವುದುಂಟು. ಬಯೋಸ್‌ನಿಂದ ಇಎಫ್‌ಐಗೆ ಹೋಗುವಾಗ ಡಿಸ್ಕಿನ ಪಾರ್ಟಿಷನ್ ವಿಧಾನವನ್ನು ಬದಲಿಸುವ ಎಂಬಿಆರ್2ಜಿಪಿಟಿ ಕಮಾಂಡನ್ನು ಮೊದಲು ವ್ಯಾಲಿಡೇಟ್‌ನೊಂದಿಗೆ, ಆಮೇಲೆ ಕನ್ವರ್ಟ್‌ನೊಂದಿಗೆ ಓಡಿಸಿ, ಓಡುತ್ತಿರುವ ವಿಂಡೋಸ್ ಒಳಗಿಂದಲೇ ನಡೆಯಲು ಎರಡರಲ್ಲೂ ಅಲೋಫುಲ್‌ಒಎಸ್ ಸೇರಿಸಿ. ಪ್ರೈಮರಿ ಪಾರ್ಟಿಷನ್ ನಾಲ್ಕಿದ್ದರೆ ಅದು ಒಪ್ಪುವುದಿಲ್ಲ, ಮೂರೇ ಇರಬೇಕು. ಐಎಸ್ಒದಿಂದ (ವಿಂಡೋಸ್ ಇನ್‌ಸ್ಟಾಲ್ ಡಿಸ್ಕಿನ ಕಡತ) ಬೂಟ್ ಮಾಡಬೇಡಿ. ಓಡುತ್ತಿರುವ ವಿಂಡೋಸ್ ಒಳಗೇ ಅದನ್ನು ಮೌಂಟ್ ಮಾಡಿ ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಕೊಟ್ಟರೆ ಬಟವಾಡೆ ತಂತ್ರಾಂಶ ಇದ್ದಲ್ಲೇ ಇರುತ್ತದೆ.

ವಿಎಂವೇರ್ ಬದಲು ವರ್ಚುವಲ್‌ಬಾಕ್ಸ್ ಇದ್ದರೆ ಕ್ಲೋನ್ (ನಕಲು) ಮಾಡುವಾಗ ಹಾರ್ಡ್‌ವೇರ್ ಯುಯುಐಡಿ ಉಳಿಸುವ ಗುರುತು ಹಾಕಿ, ಎಲ್ಲ ಅಡಾಪ್ಟರ್‌ಗಳ ಮ್ಯಾಕ್ ವಿಳಾಸ ಉಳಿಸುವ ಆಯ್ಕೆ ಕೊಡಿ. ಟಿಪಿಎಂ ಬೇಕೆಂದರೆ ಆವೃತ್ತಿ 7 ಇರಬೇಕು. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಜನರೇಷನ್ 1 (ಬಯೋಸ್) ಮೆಷಿನ್ ಅನ್ನು ಜನರೇಷನ್ 2 (ಇಎಫ್‌ಐ) ಆಗಿ ಬದಲಿಸುವ ಗುಂಡಿ ಇಲ್ಲ. ಹೊಸ ಮೆಷಿನ್ ಮಾಡಿ ಹಳೆಯ ಡಿಸ್ಕ್ ಜೋಡಿಸಬೇಕಾಗುತ್ತದೆ, ಆಗ ಗುರುತು ಬದಲಾಗುತ್ತದೆ. ಅಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಮೊದಲೇ ಜೋಡಿಸಿಡುವುದನ್ನು ಮರೆಯಬೇಡಿ.

ಮಲೆನಾಡಿನ ತೋಟಗಳಲ್ಲಿ ಇನ್ನೆರಡು ಸಂಗತಿ ಕಾಡುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ಹಳೆಯ ಕಂಪ್ಯೂಟರ್‌ನಲ್ಲಿ ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ಸತ್ತಿದ್ದರೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ವರ್ಚುವಲ್ ಮೆಷಿನ್ ಅದನ್ನೇ ನಂಬುತ್ತದೆ. ಆಗ 0ಎಕ್ಸ್80072ಎಫ್8ಎಫ್ ಬರುತ್ತದೆ. ಅದಕ್ಕೂ ಲೈಸೆನ್ಸ್‌ಗೂ ಸಂಬಂಧವಿಲ್ಲ, ದಿನಾಂಕ ಸರಿಮಾಡಿ ಮತ್ತೆ ಎಟಿಒ ಕೊಡಿ. ಇನ್ನೊಂದು, ಐಎಸ್ಒ ಕಡತ 4 ಜಿಬಿಗಿಂತ ದೊಡ್ಡದು. ಪೇಟೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುವುದಾದರೆ ಅದನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್ಎಸ್‌ಗೆ ಫಾರ್ಮ್ಯಾಟ್ ಮಾಡಿ, ಫ್ಯಾಟ್32 ಆದರೆ ಕಡತ ಹಿಡಿಯುವುದಿಲ್ಲ. ಆಕ್ಟಿವೇಷನ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಕುಯ್ಲು ಶುರುವಾಗುವ ನವೆಂಬರ್‌ಗೆ ಮೊದಲೇ, ಒಂದು ಬಟವಾಡೆ ಮುಗಿದ ಮರುದಿನ ಕೈಹಚ್ಚಿ. ವಿಂಡೋಸ್ 11ರಿಂದ ಹಿಂದಿರುಗುವ ಅವಕಾಶ 10 ದಿನ ಮಾತ್ರ ಇರುತ್ತದೆ. ಅಷ್ಟರೊಳಗೆ ಮುಂದಿನ ವಾರದ ಬಟವಾಡೆ ಹೊಸದರಲ್ಲಿ ಒಮ್ಮೆ ಪೂರ್ತಿ ನಡೆದು, ಚೆಕ್‌ರೋಲು ಪ್ರಿಂಟ್ ಆಗಿ ಬಂದಿರಬೇಕು. ಅಲ್ಲಿಯವರೆಗೆ ಹಳೆಯ ಫೋಲ್ಡರ್ ಅಳಿಸಬೇಡಿ.